ಹಿರೇಹಳ್ಳಿ ಹತ್ತಿರದ ರೀಡಿಂಗ್

ಅಪ್ಪ ಬದುಕಿದ್ದ ಕೊನೆಯ ದಿನ ನಾವಿಬ್ಬರೂ ಮೊಳಕಾಲ್ಮೂರಿನಿಂದ ಚಳ್ಳಕೆರೆಗೆ ಕಾರಿನಲ್ಲಿ ವಾಪಸು ಬರುತ್ತಿದ್ದೆವು. ನನ್ನ ಹೆಂಡತಿಯನ್ನು ತವರಿಗೆ ಬಿಟ್ಟು ಬರುವುದಷ್ಟೇ ಕೆಲಸ. ಮಾವನ ಮನೆಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ತಿಂದು ಹೊರಟಾಗ ನಾಲ್ಕು ಗಂಟೆ. ಅಪ್ಪ ಎಂದಿನಂತೆ ಮುಂದಿನ ಸೀಟಿನಲ್ಲಿ, ತೊಡೆಯ ಮೇಲೆ ಉದ್ದನೆಯ ನೋಟ್‌ಬುಕ್ಕು, ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು. ಹಾನಗಲ್ ದಾಟಿದ ಮೇಲೆ ಒಂದು ಸಲ, ಬಿ.ಜಿ. ಕೆರೆಯಲ್ಲಿ ಒಂದು ಸಲ ಕೇಳಿದ.

"ಎಷ್ಟೈತೆ?"

"ಅರ್ಧ."

ಬರೆದುಕೊಂಡ.

ಹಿರೇಹಳ್ಳಿ ಇನ್ನೇನು ಬಂತು ಅನ್ನುವಾಗ ಮತ್ತೆ ಕೇಳಿದ. ಅಷ್ಟರಲ್ಲಿ ಎಡಗಡೆಯ ಹೊಲದಿಂದ ಕುರಿಹಿಂಡು ರಸ್ತೆಗೆ ಇಳಿಯಿತು. ಬ್ರೇಕ್ ಹಾಕಿ, "ಇರಪ್ಪಾ, ಕುರಿ ದಾಟ್ಲಿ, ಹೇಳ್ತೀನಿ" ಎಂದೆ. ಕುರಿಗಳು ದಾಟಿದವು. ಕೊನೆಯದೊಂದು ಕುಂಟುತ್ತಾ ಬಂದು, ಕಾರಿನ ಮುಂದೆ ನಿಂತು, ನಮ್ಮಿಬ್ಬರನ್ನೂ ಒಬ್ಬೊಬ್ಬರಾಗಿ ನೋಡಿ ಹೋಯಿತು. ಅದಕ್ಕೆ ಇಬ್ಬರೂ ನಕ್ಕೆವು. ನಗುವಿನಲ್ಲಿ ನಾನು ಹೇಳುವುದನ್ನು ಮರೆತೆ. ಅಪ್ಪ ಹಿರೇಹಳ್ಳಿಯದನ್ನು ಮತ್ತೆ ಕೇಳಲಿಲ್ಲ. ಮಾರನೇ ದಿನ ಬೆಳಿಗ್ಗೆ ಅವ್ವ ಎಬ್ಬಿಸಲು ಹೋದಾಗ ಅವನು ಏಳಲಿಲ್ಲ.

ಕಾರಿನಲ್ಲಿ ಕೂತವನು ಊರಿಗೊಂದು ಸಲ ಎಷ್ಟೈತೆ ಎಂದು ಕೇಳಿ ಬರೆದುಕೊಳ್ಳುವುದು ಏನು ಎಂದು ಹೇಳಬೇಕು. ಹೇಳಿದರೆ ಜನ ನಗುತ್ತಾರೆ. ಮಣ್ಣು ಮಾಡಿ ಬಂದ ಸಂಜೆ ನಮ್ಮ ಜಗಲಿಯಲ್ಲಿ ಕೂತವರೂ ಇದನ್ನೇ ಹೇಳಿಕೊಂಡು ನಕ್ಕರು. ನಾನೂ ನಕ್ಕೆ. ಆದ್ದರಿಂದ ಓದುವವರು ನಕ್ಕರೆ ನನಗೆ ಬೇಜಾರಿಲ್ಲ.

ಅಪ್ಪ ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಕಡಲೆಬೀಜ ಬೇಯಿಸಲು ಹಬೆ ಬೇಕು, ಹಬೆಗೆ ಬಾಯ್ಲರ್ ಬೇಕು, ಬಾಯ್ಲರ್ ಒಡೆಯದಂತೆ ಒಬ್ಬ ಮನುಷ್ಯ ಅದರ ಮುಂದೆ ಕೂತಿರಬೇಕು. ಆ ಮನುಷ್ಯ ಅಪ್ಪ. ಆಳೆತ್ತರದಲ್ಲಿ ತಟ್ಟೆಯಗಲದ ಒಂದು ಗೇಜು, ಅದರೊಳಗೊಂದು ಮುಳ್ಳು, ಇದಕ್ಕಿಂತ ಮೇಲೆ ಹೋಗಬಾರದು ಎಂದು ಒಂದು ಕೆಂಪು ಗೆರೆ. ಅರ್ಧ ಗಂಟೆಗೊಮ್ಮೆ ಎದ್ದು ಹೋಗಿ, ಬೆರಳಿನ ಗೆಣ್ಣಿನಿಂದ ಗಾಜನ್ನು ಎರಡು ಸಲ ತಟ್ಟಿ, ಮುಳ್ಳಿನ ನೇರ ಎದುರಿಗೆ ನಿಂತು ಓದಿ, ಪುಸ್ತಕದಲ್ಲಿ ಬರೆಯಬೇಕು. ಓರೆಯಲ್ಲಿ ನಿಂತು ಓದಬಾರದು, ಓರೆಯಿಂದ ನೋಡಿದರೆ ಮುಳ್ಳು ಪಕ್ಕದ ಅಂಕಿಯ ಮೇಲೆ ಇದ್ದಂತೆ ಕಾಣುತ್ತದೆ. ಅಂದಾಜಿಗೆ ಬರೆಯಬಾರದು. ಅಪ್ಪನ ಮಾತಿನಲ್ಲಿ ಹೇಳಬೇಕೆಂದರೆ, "ಕಂಡಿದ್ದನ್ನ ಬರಿ, ಗೊತ್ತಿರೋದನ್ನ ಬರೀಬ್ಯಾಡ." ಅವನ ಬಾಯ್ಲರ್ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ದೇವರ ಫೋಟೋಗಳ ಪಕ್ಕ ತೂಗುಹಾಕಿದ್ದೆವು. ದೇವರಿಗೆ ಹೂವು ಇಡುವಾಗ ಅವ್ವ ಅದಕ್ಕೂ ಒಂದು ಸಿಕ್ಕಿಸುತ್ತಿದ್ದಳು.

ಮಿಲ್ಲು ಮುಚ್ಚಿತು. ಬಾಯ್ಲರನ್ನು ಕತ್ತರಿಸಿ ಗುಜರಿಗೆ ಒಯ್ದರು. ಅಪ್ಪ ಅಲ್ಲಿಂದ ತಂದದ್ದು ಒಂದೇ ಒಂದು ವಸ್ತು: ಗೇಜಿನ ಕೆಳಗಿದ್ದ ತಾಮ್ರದ ಸುರುಳಿ ಪೈಪು, ಅಂಗೈಯಗಲದ್ದು. ಹಬೆ ನೇರವಾಗಿ ಗೇಜಿಗೆ ನುಗ್ಗಿ ಮುಳ್ಳು ಕೆಡಬಾರದು ಎಂದು ನಡುವೆ ಈ ಸುರುಳಿ ಇಟ್ಟು ಅದರಲ್ಲಿ ನೀರು ತುಂಬಿಸಿರುತ್ತಾರೆ. ಹಬೆ ನೀರನ್ನು ತಳ್ಳುತ್ತದೆ, ನೀರು ಮುಳ್ಳನ್ನು ತಳ್ಳುತ್ತದೆ. ಅದನ್ನು ಹಳೇ ಪಂಚೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟ. ಯಾಕೆ ಎಂದು ನಾವು ಕೇಳಲಿಲ್ಲ.

ಇದಾಗಿ ಎರಡು ವರ್ಷಕ್ಕೆ ನಾನು ಬಾಡಿಗೆಗೆ ಓಡಿಸಲು ಒಂದು ಸೆಕೆಂಡ್‌ಹ್ಯಾಂಡ್ ಡೀಸೆಲ್ ಕಾರು ತಂದೆ. ಎಂಟು ಜನ ಕೂರಬಹುದಾದದ್ದು. ಹಿಂದಿನ ಗಾಜಿನ ಮೇಲೆ ಕೆಂಪು ಅಕ್ಷರದಲ್ಲಿ ಟರ್ಬೊ ಎಂದು ಬರೆದಿತ್ತು. ಅಪ್ಪನನ್ನು ಮೊದಲ ಸುತ್ತು ಕರೆದೊಯ್ಯಬೇಕೆಂದು ಕೂರಿಸಿದೆ. ಹೊಸ ಗಾಡಿ ಎಂದು ಚಪ್ಪಲಿ ಬಿಟ್ಟು ಕೈಯಲ್ಲಿ ಹಿಡಿದು ಕೂತ.

"ಟರ್ಬೊ ಅಂದ್ರೆ ಏನಲೇ?"

ನನಗೆ ಹೆಮ್ಮೆ. "ಸೈಲೆನ್ಸರಿಗೆ ಹೋಗೋ ಹೊಗೆ ಒಂದು ಫ್ಯಾನ್ ತಿರುಗಿಸ್ತೈತಪ್ಪ. ಆ ಫ್ಯಾನು ಗಾಳೀನ ಒತ್ತಿ ಒತ್ತಿ ಇಂಜಿನ್ನಿಗೆ ತುಂಬ್ತೈತೆ. ಅದಕ್ಕೇ ಜೋರು."

"ಒತ್ತಿ ಅಂದ್ರೆ ಪ್ರೆಷರ್ರಾ?"

"ಹೂಂ ಮತ್ತೆ."

"ಮುಳ್ಳು ಎಲ್ಲೈತೆ?"

ಡ್ಯಾಶ್‌ಬೋರ್ಡ್ ತೋರಿಸಿದೆ. ಅಪ್ಪ ಬಗ್ಗಿ ನೋಡಿದ. "ಇದು ಡೀಸೆಲ್ದು. ಇದು ಬಿಸಿದು. ಪ್ರೆಷರ್ದು?"

"ಅದಕ್ಕೆ ಕೊಟ್ಟಿಲ್ಲ."

"ಸೇಫ್ಟಿ ವಾಲ್ವು?"

"ಒಳಗೆಲ್ಲೋ ಇರ್ತೈತೆ ಬಿಡಪ್ಪ."

"ಎಲ್ಲೋ ಇರ್ತೈತಾ!" ಅಪ್ಪ ಬಾಗಿಲು ತೆಗೆದು ಇಳಿದ. ಚಪ್ಪಲಿ ಸೀಟಿನ ಮೇಲೇ ಉಳಿಯಿತು. "ಮುಳ್ಳಿಲ್ಲದ ಪ್ರೆಷರ್ ಪಕ್ಕ ನಾನು ಕೂರಲ್ಲ. ನೀನೂ ಕೂರಬ್ಯಾಡ."

ನಾನು ಕೂತೆ. ಅವನು ಕೂರಲಿಲ್ಲ. ತಳಕಿಗೆ ಹೋಗಬೇಕಾದರೂ ಬಸ್ಸು. ಇದು ಮನೆಯೊಳಗಿನ ತಮಾಷೆಯಾಗಿಯೇ ಇರುತ್ತಿತ್ತು, ನನಗೆ ಮೊಳಕಾಲ್ಮೂರಿನಲ್ಲಿ ಹೆಣ್ಣು ನೋಡದಿದ್ದರೆ.

ಹುಡುಗಿಯ ಅಪ್ಪ ರೇಷ್ಮೆ ಸೀರೆ ನೇಯುವವರು. ಮೊದಲ ಸಲ ಹೋದಾಗ ನಾನು ಕಾರಿನಲ್ಲಿ, ಅಪ್ಪ ಅವ್ವ ಬಸ್ಸಿನಲ್ಲಿ. ನಾನು ಹನ್ನೊಂದಕ್ಕೆ ಮುಟ್ಟಿದೆ. ಅವರ ಬಸ್ಸು ಬಿ.ಜಿ. ಕೆರೆಯಲ್ಲಿ ಕೆಟ್ಟು ನಿಂತಿತು. ಹುಡುಗಿ ಉಪ್ಪಿಟ್ಟಿನ ತಟ್ಟೆ ಇಟ್ಟು, ಪಕ್ಕದ ಖಾಲಿ ಚಾಪೆ ನೋಡಿ, "ನಿಮ್ಮಪ್ಪಾರು ಬರಲ್ಲೇನ್ರಿ?" ಎಂದು ಕೇಳಿದಳು. ಅಷ್ಟು ಜನರಲ್ಲಿ ಅಪ್ಪನನ್ನು ಕೇಳಿದವಳು ಅವಳೊಬ್ಬಳೇ. ನನಗೆ ಅವಳೇ ಆಗಬೇಕು ಅನ್ನಿಸಿತು. ಆದರೆ ಹಿರಿಯರಿಲ್ಲದೆ ಮಾತು ನಡೆಯಲಿಲ್ಲ. ನಾನು ಮನೆಗೆ ಮರಳಿದ ಮೇಲೆ ಎಸ್‌ಟಿಡಿ ಬೂತಿಗೆ ಫೋನು ಬಂತು. ಹುಡುಗಿಯ ಅಪ್ಪ.

"ಅಪ್ಪ ಒಂದು ಗಾಡಿ, ಮಗ ಒಂದು ಗಾಡಿ. ಮನೆ ಒಡೆದೈತಾ ಏನು ಕಥೆ? ಒಡೆದ ಮನೆಗೆ ನಾವು ಹುಡುಗಿ ಕೊಡಲ್ಲ. ಬರೋ ಭಾನುವಾರ ಇಬ್ಬರೂ ಒಂದೇ ಗಾಡೀಲಿ ಬಂದ್ರೆ ಬರ್ರಿ. ಇಲ್ಲಾಂದ್ರೆ ನಮಸ್ಕಾರ."

ಅಪ್ಪನಿಗೆ ಹೇಳಿದೆ. ಒಟ್ಟಿಗೆ ಬಸ್ಸಿನಲ್ಲಿ ಹೋಗಬಹುದಿತ್ತು. ಆದರೆ ಕಾರಿರುವ ಹುಡುಗ ಕಾರು ಮನೆಯಲ್ಲಿಟ್ಟು ಬಸ್ಸಿನಲ್ಲಿ ಬಂದ ಎಂದರೆ, ಕಾರು ಬೇರೆಯವರದು ಅನ್ನುತ್ತಾರೆ ಎಂದು ಅವ್ವ ಹೇಳಿದಳು. ಅಪ್ಪ "ಮುಳ್ಳು ಕೂರಿಸು, ಬರ್ತೀನಿ" ಎಂದ. ಭಾನುವಾರಕ್ಕೆ ಆರು ದಿನ ಇತ್ತು.

ಲಾರಿ ಓಡಿಸುವ ಗೆಳೆಯನೊಬ್ಬ ಬೆಂಗಳೂರಿನ ಹಳೇ ಸ್ಪೇರ್‌ಪಾರ್ಟ್ಸ್ ಗಲ್ಲಿಯಿಂದ ಒಂದು ಗೇಜು ತಂದುಕೊಟ್ಟ. ಯಾವುದೋ ದೇಶದ ಕಾರಿನಿಂದ ಕಿತ್ತದ್ದು, ಸಣ್ಣ ಬಟ್ಟಲಿನಷ್ಟಿತ್ತು. ಶುಕ್ರವಾರ ಅದನ್ನು ಬಳ್ಳಾರಿ ರಸ್ತೆಯ ನಮ್ಮ ಮೆಕ್ಯಾನಿಕ್ ಷೆಡ್ಡಿಗೆ ಒಯ್ದೆವು. ಮೆಕ್ಯಾನಿಕ್ಕಿಗೆ ಊರೆಲ್ಲ ಚಾಚಾ ಎನ್ನುತ್ತಿತ್ತು. ಅಪ್ಪನ ವಯಸ್ಸಿನವರೇ. ಅಪ್ಪ ಗೇಜನ್ನು ಬಿಸಿಲಿಗೆ ಹಿಡಿದು ನೋಡಿದ. ಸೊನ್ನೆ ನಡುವೆ ಇತ್ತು. ಬಲಕ್ಕೆ ಒಂದು, ಎರಡು. ಎಡಕ್ಕೂ ಅಂಕಿಗಳಿದ್ದವು.

"ಚಾಚಾ, ಸೊನ್ನೆಗಿಂತ ಕಮ್ಮಿ ಪ್ರೆಷರ್ ಎಲ್ಲಿರ್ತೈತೆ?"

"ಅದು ಪೆಟ್ರೋಲ್ ಗಾಡಿಗೆ ಯಜಮಾನ್ರೇ. ಇಂಜಿನ್ ಗಾಳಿ ಎಳೆದಾಗ ಆ ಕಡೆ ಹೋಗ್ತದೆ. ನಿಮ್ದು ಡೀಸೆಲ್, ಆ ಕಡೆ ಹೋಗೋದೇ ಇಲ್ಲ."

"ಹೋಗದ ಮೇಲೆ ಕಣ್ಣಿಗ್ಯಾಕೆ?" ಅಪ್ಪ ಚಾಚಾರ ಪೆಟ್ಟಿಗೆಯಿಂದ ಕಪ್ಪು ಟೇಪು ತೆಗೆದು ಎಡ ಅರ್ಧವನ್ನು ಮುಚ್ಚಿದ. ಆಮೇಲೆ ಕೆಂಪು ಗೆರೆ ಹುಡುಕಿದ. ಇರಲಿಲ್ಲ. "ಎಷ್ಟಕ್ಕೆ ಒಡೀತೈತೆ ಇದು?"

"ಒಡೆಯೋದೇ ಇಲ್ಲ."

"ಒಡೆಯಲ್ಲ ಅಂದೋರ್ನೆಲ್ಲ ನೋಡೀನಿ ಬಿಡ್ರಿ." ಎದುರಿನ ಬಳೆ ಅಂಗಡಿಯಿಂದ ಕೆಂಪು ಉಗುರು ಬಣ್ಣ ತಂದು, ಉಸಿರು ಹಿಡಿದು, ಒಂದರ ಮೇಲೆ ಸಣ್ಣ ಗೆರೆ ಎಳೆದ. ಒಂದೇ ಯಾಕೆ ಎಂದರೆ, ನೆನಪಿಡಲು ಸುಲಭ ಎಂದ.

ಚಾಚಾ ಕೆಲಸ ಶುರು ಮಾಡಿದರು. ಟರ್ಬೊದಿಂದ ಇಂಜಿನ್ನಿಗೆ ಹೋಗುವ ದಪ್ಪ ರಬ್ಬರ್ ಪೈಪಿನಲ್ಲಿ ಒಂದು ಕವಲು ತೆಗೆದು, ಅಲ್ಲಿಂದ ಸಣ್ಣ ಪೈಪನ್ನು, ಇಂಜಿನ್ನಿಗೂ ನಮ್ಮ ಕಾಲಿಗೂ ನಡುವಿರುವ ತಗಡಿನ ತೂತಿನಿಂದ ಒಳಗೆ ತಂದು, ಸ್ಟೇರಿಂಗಿನ ಹಿಂದೆ ಕೂರಿಸಿದ ಗೇಜಿಗೆ ಸಿಕ್ಕಿಸಬೇಕು. ಇಷ್ಟೇ. ಒಂದು ಗಂಟೆಯ ಕೆಲಸ. ಗೇಜಿನ ದೀಪದ ವೈರನ್ನು ಮಾತ್ರ ಅವರು ಹಾರನ್ನಿನ ವೈರಿಗೆ ಸೇರಿಸಿಬಿಟ್ಟರು. ಹಾರನ್ ಒತ್ತಿದಾಗಲೆಲ್ಲ ಗೇಜು ಹಸಿರಾಗಿ ಬೆಳಗುತ್ತಿತ್ತು. ಅದು ಈಗಲೂ ಹಾಗೇ ಇದೆ.

ಎಲ್ಲ ಮುಗಿಯಿತು ಅನ್ನುವಾಗ ಅಪ್ಪ ಕೈಚೀಲದಿಂದ ಪಂಚೆಯ ಗಂಟು ತೆಗೆದ. ಬಿಚ್ಚಿದರೆ ತಾಮ್ರದ ಸುರುಳಿ. ಹುಣಸೆಹಣ್ಣು ಹಚ್ಚಿ ತಿಕ್ಕಿ ತಂದಿದ್ದ.

"ಇದು ನಡುವೆ ಬರ್ಬೇಕು," ಎಂದ. "ನೀರು ತುಂಬಿಸಿ."

ಚಾಚಾ ನನ್ನ ಮುಖ ನೋಡಿದರು. "ಯಜಮಾನ್ರೇ, ಅದು ಹಬೆಗೆ. ಇದು ಬರೀ ಹವಾ. ಹವಾಕ್ಕೆ ನೀರ್ ಯಾಕೆ?"

"ಬಿಸಿ ಹವಾ ತಾನೇ?"

"ಬಿಸಿನೇ. ಆದ್ರೆ..."

"ಇಪ್ಪತ್ತೆಂಟು ವರ್ಷ ಸುರುಳಿ ಇಲ್ಲದ ಗೇಜು ನಾನು ನೋಡಿಲ್ಲ ಚಾಚಾ. ಸುರುಳಿ ಇಲ್ಲಾಂದ್ರೆ ನಾನಿಲ್ಲ."

ನಾನು ಚಾಚಾರಿಗೆ ಕೈಮುಗಿದೆ. ಅವರು ತಲೆಯ ಮೇಲೆ ಕೈ ಇಟ್ಟುಕೊಂಡು, "ಯಾ ಅಲ್ಲಾ, ಇಂಜಿನ್ನಿಗೆ ನೀರ್ ಕುಡಿಸ್ತೀರಿ," ಎಂದು ಬೈಯುತ್ತಲೇ ಸುರುಳಿಯನ್ನು ಬಾನೆಟ್ಟಿನ ಕೆಳಗೆ ಜೋಡಿಸಿದರು. ಅಪ್ಪ ಇಂಕ್ ಫಿಲ್ಲರಿನಲ್ಲಿ ಹನಿ ಹನಿಯಾಗಿ ಸೋಸಿದ ನೀರು ತುಂಬಿಸಿದ. ಅವನ ಮುಖದಲ್ಲಿ ಎರಡು ವರ್ಷಗಳಿಂದ ಇಲ್ಲದ ಒಂದು ಕಳೆ ಇತ್ತು. ಗಾಜನ್ನು ಎರಡು ಸಲ ತಟ್ಟಿ, ಕಾರಿನೊಳಗೆ ಹತ್ತಿ ಕೂತ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಮೂವರೂ ಹೊರಟೆವು. ಅಪ್ಪ ಮುಂದೆ, ಅವ್ವ ಹಿಂದೆ. ಅಪ್ಪ ಹೊಸ ನೋಟ್‌ಬುಕ್ಕಿಗೆ ಸ್ಕೇಲಿನಲ್ಲಿ ಮನೆ ಎಳೆದು ತಂದಿದ್ದ. ಗಂಟೆ, ಊರು, ರೀಡಿಂಗ್, ಸಹಿ. ಪಕ್ಕದಿಂದ ಗೇಜು ಅವನಿಗೆ ಓರೆಯಾಗಿ ಕಾಣುತ್ತಿತ್ತು. ಆದ್ದರಿಂದ ಅವನು ಓದುವಂತಿಲ್ಲ. ನೇರ ಎದುರಿಗೆ ಕೂತವನು ನಾನು. ನಾನು ಓದಿ ಹೇಳಬೇಕು, ಅವನು ಬರೆಯಬೇಕು.

ತಳಕಿನ ಹತ್ತಿರ ಒಂದು ಲಾರಿಯನ್ನು ಹಿಂದಿಕ್ಕಲು ಎಕ್ಸಿಲೇಟರ್ ಜೋರಾಗಿ ಒತ್ತಿದೆ. ಮುಳ್ಳು ಸೊಗಸಾಗಿ ಅರ್ಧಕ್ಕೆ ಏರಿತು. "ಅರ್ಧ!" ಎಂದೆ. ಅಪ್ಪ ಬರೆದ. ಲಾರಿ ದಾಟಿ ಕಾಲು ತೆಗೆದೆ. ಬಾನೆಟ್ಟಿನ ಒಳಗೆ ಗುಳಕ್ ಎಂದಿತು. ಸುರುಳಿಯಲ್ಲಿದ್ದ ನೀರು ಒತ್ತಡ ಇಳಿದ ಕೂಡಲೇ ಹಿಂದಕ್ಕೆ ಹಾರಿ ಇಂಜಿನ್ನಿನ ಗಂಟಲಿಗೆ ಹೋಗಿತ್ತು. ಕಾರು ಒಮ್ಮೆ ಸೀನಿತು. ಹಿಂದೆ ಬಿಳೀ ಹೊಗೆ.

"ನಿಲ್ಲಿಸು," ಎಂದ ಅಪ್ಪ. ಇಳಿದು ಬಾನೆಟ್ ಎತ್ತಿ ಸುರುಳಿ ನೋಡಿದ. "ನೀರು ಖಾಲಿ ಆಗೈತೆ. ಒಣ ಸುರುಳಿ ಇಟ್ಕಂಡು ಓಡಿಸ್ಬಾರ್ದು." ಬಾಟಲಿ ತೆಗೆದು, ಫಿಲ್ಲರಿನಲ್ಲಿ ಹನಿ ಹನಿ ಹಾಕತೊಡಗಿದ. ತಳಕಿನ ಚಹಾ ಅಂಗಡಿಯವನು ಲೋಟ ಹಿಡಿದೇ ನೋಡಲು ಬಂದ.

"ಏನ್ರೀ ಯಜಮಾನ್ರೇ, ಕಾರಿಗೆ ಕಣ್ಣು ಬಂದೈತಾ? ಡ್ರಾಪ್ಸ್ ಹಾಕ್ತಿದ್ದೀರಿ?"

"ನಿನ್ ಕೆಲಸ ನೋಡಪ್ಪ," ಎಂದ ಅಪ್ಪ, ಕೈ ಅಲುಗಿಸದೆ.

ಹಿರೇಹಳ್ಳಿಯಲ್ಲಿ ಮತ್ತೆ ಗುಳಕ್, ಮತ್ತೆ ಸೀನು, ಮತ್ತೆ ಫಿಲ್ಲರು. ಬಿ.ಜಿ. ಕೆರೆಯಲ್ಲಿ ಮತ್ತೆ. "ನೀರು ಹಾಕೋದು ಬಿಟ್ರೆ ಸೀನೋದೂ ಬಿಡ್ತೈತಪ್ಪ," ಎಂದೆ. ಅವನು ಕೇಳಲಿಲ್ಲ. ಹಿಂದಿನಿಂದ ಅವ್ವ, "ಹತ್ತು ಗಂಟೆ ಆತು. ಆ ಹುಡುಗೀಗೆ ಬೇರೆ ಗಂಡು ಸಿಕ್ಕಿ, ಮದುವೆ ಆಗಿ, ತೊಟ್ಟಿಲು ಕಟ್ಟಿರ್ತಾರೆ. ನೀವು ನೀರ್ ಹಾಕ್ರಿ," ಎಂದಳು. ನನಗೆ ಅಳುವುದೊಂದು ಬಾಕಿ. ಕಾರು ಕೆಟ್ಟರೆ ಹುಡುಗಿ ಇಲ್ಲ. ನೀರು ಹಾಕಬೇಡ ಎಂದರೆ ಅಪ್ಪ ಇಳಿದು ಬಸ್ ಹತ್ತುತ್ತಾನೆ, ಆಗಲೂ ಹುಡುಗಿ ಇಲ್ಲ. ಸುಮ್ಮನೆ ಬಾಟಲಿ ಹಿಡಿದು ನಿಂತೆ.

ಮೊಳಕಾಲ್ಮೂರಿನ ಅವರ ಬೀದಿಗೆ ತಿರುಗುವಾಗ ಕಾರು ದೊಡ್ಡದಾಗಿ ಸೀನಿತು. ಬಿಳೀ ಹೊಗೆಯ ಒಳಗಿನಿಂದ ನಾವು ಇಳಿದೆವು. ಹುಡುಗಿಯ ಅಪ್ಪ ಬಾಗಿಲಲ್ಲೇ ನಿಂತಿದ್ದರು. ಹೊಗೆ ಸರಿಯುವವರೆಗೂ ಕಾದು, ಒಂದೇ ಕಾರಿನಿಂದ ಇಳಿದ ಅಪ್ಪ ಮಗನನ್ನು ಎಣಿಸಿದರು.

"ಬಂದ್ರಲ್ಲ ಒಂದೇ ಗಾಡೀಲಿ. ರಂಡಿ ರಂಡಿ," ಎಂದು ತೆಲುಗಿನಲ್ಲೇ ಒಳಗೆ ಕರೆದರು. ಆಮೇಲೆ ಅಪ್ಪನ ಕೈ ನೋಡಿದರು. ಒಂದು ಕೈಯಲ್ಲಿ ಇಂಕ್ ಫಿಲ್ಲರು, ಇನ್ನೊಂದರಲ್ಲಿ ಪುಸ್ತಕ. "ಇದೇನ್ರೀ ಇದು?"

ಅಪ್ಪ ಹೇಳಿದ. ಮಿಲ್ಲಿನಿಂದ ಶುರುಮಾಡಿ ಪೂರ್ತಿ ಹೇಳಿದ. ಅಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನೇಯುವವರಾದ್ದರಿಂದಲೋ ಏನೋ ಅವರಿಗೆ ಇದು ಹುಚ್ಚು ಅನ್ನಿಸಲಿಲ್ಲ. "ಎಲ್ಲಿ, ಆ ಮುಳ್ಳು ಏಳಿಸ್ರಿ ನೋಡಾನ," ಎಂದರು. ಅವರೂ ಅವರ ಇಬ್ಬರು ಅಣ್ಣಂದಿರೂ ಕಾರಿನ ಸುತ್ತ ನಿಂತರು. ನಾನು ಸ್ಟಾರ್ಟ್ ಮಾಡಿ ನಿಂತಲ್ಲೇ ಒತ್ತಿದೆ. ಇಂಜಿನ್ನು ಕಿರುಚಿತು. ಮುಳ್ಳು ಸೊನ್ನೆಯಲ್ಲೇ ನಿಂತಿತ್ತು. ಇನ್ನೂ ಒತ್ತಿದೆ. ಸೊನ್ನೆ. ಅಪ್ಪ ಗಾಜು ತಟ್ಟಿದ. ಸೊನ್ನೆ.

ಅಪ್ಪನ ಮುಖ ಸಣ್ಣದಾಯಿತು. ದಾರಿಯುದ್ದಕ್ಕೂ ನಾನು ಹೇಳಿದ ಅರ್ಧ, ಕಾಲು ಎಲ್ಲ ಸುಳ್ಳಿರಬಹುದು ಎಂಬಂತೆ ಒಮ್ಮೆ ನನ್ನನ್ನು ನೋಡಿದ. ಆ ನೋಟ ನನಗೆ ಹುಡುಗಿ ತಪ್ಪಿಹೋಗುವುದಕ್ಕಿಂತ ಹೆಚ್ಚು ತಾಗಿತು.

ಆಗ ಬಾಗಿಲ ಒಳಗಿನಿಂದ ಹುಡುಗಿ ಹೇಳಿದಳು. "ನಿಂತ ಗಾಡಿಗೆ ಭಾರ ಎಲ್ಲೈತಪ್ಪ? ಎಳೆ ಸಡಿಲ ಬಿಟ್ಟು ಬಿಗಿ ನೋಡಿದ್ರೆ ಸಿಗ್ತೈತಾ? ಜನ ಹತ್ರಿ, ಏರು ಹತ್ತಿಸ್ರಿ."

ಅವಳ ಅಪ್ಪ ಮೊದಲು ಕಾರಿನ ಬಾಗಿಲು ತೆಗೆದರು. ಆಮೇಲೆ ಎಲ್ಲರೂ ಹತ್ತಿದರು. ಅವಳ ಅಪ್ಪ, ಇಬ್ಬರು ದೊಡ್ಡಪ್ಪಂದಿರು, ನನ್ನ ಅಪ್ಪ, ಅವ್ವ, ಇದನ್ನು ನೋಡಲು ಬಂದ ಪಕ್ಕದ ಮನೆಯವರು ಇಬ್ಬರು. ಊರಾಚೆಯ ಬಂಡೆಗುಡ್ಡದ ಏರಿಗೆ ಕಾರು ಹತ್ತಿಸಿದೆ. ಮುಳ್ಳು ಎದ್ದಿತು.

"ಎಷ್ಟೈತೆ?" ಎಂದ ಅಪ್ಪ.

"ಅರ್ಧ."

"ಅರ್ಧ," ಎಂದು ಹಿಂದಿನವರೆಲ್ಲ ಒಟ್ಟಿಗೆ ಹೇಳಿದರು.

"ಈಗ?"

"ಮುಕ್ಕಾಲು."

"ಕೆಂಪು ಗೆರೆ ಮುಟ್ಟಿದ್ರೆ ಏನ್ರೀ ಮಾಡೋದು?" ಹುಡುಗಿಯ ಅಪ್ಪ ಕೇಳಿದರು.

"ಎಲ್ಲರೂ ದೂರ ಓಡ್ಬೇಕು. ಬಾಯ್ಲರ್ ರೂಲು," ಎಂದ ಅಪ್ಪ.

ಇದನ್ನು ಅವನು ಹೇಳಬಾರದಿತ್ತು. ಏರಿನ ತುದಿಯಲ್ಲಿ ನಾನು, "ಮುಟ್ತಪ್ಪಾ ಗೆರೆ!" ಎಂದೆ. ಹಿಂದಿನ ಎರಡೂ ಬಾಗಿಲು ಒಟ್ಟಿಗೆ ತೆರೆದವು. ಗಾಬರಿಯಲ್ಲಿ ಕಾಲು ತೆಗೆದು ಬ್ರೇಕ್ ಹಾಕಿದೆ. ಸುರುಳಿಯಲ್ಲಿ ಉಳಿದಿದ್ದ ನೀರೆಲ್ಲ ಒಂದೇ ಗುಟುಕಿಗೆ ಇಂಜಿನ್ನಿಗೆ ಹೋಯಿತು. ಅಂಥ ಸೀನು ನಾನು ಅದಕ್ಕೆ ಮೊದಲೂ ಆಮೇಲೂ ಕೇಳಿಲ್ಲ. ಬಿಳೀ ಹೊಗೆಯಲ್ಲಿ ಯಜಮಾನರೆಲ್ಲ ಪಂಚೆ ಎತ್ತಿ ಹಿಡಿದು ಇಳಿಜಾರಿನಲ್ಲಿ ಓಡಿದರು. ಒಳಗೆ ಉಳಿದವರು ನಾನು, ಅಪ್ಪ ಮತ್ತು ಅವ್ವ. ಅಪ್ಪ ಓಡದೆ ಯಾಕೆ ಕೂತಿದ್ದನೆಂದರೆ, ಬರೆಯುತ್ತಿದ್ದ. "ಗುಡ್ಡ. ಒಂದು."

ಹುಡುಗಿಯ ಅಪ್ಪ ಒಂದು ಬಂಡೆಯ ಮರೆಯಿಂದ ಎದ್ದು ಬಂದರು. ನಗು ತಡೆಯಲಾಗದೆ ಕಣ್ಣಲ್ಲಿ ನೀರು. ಕಾರಿನ ಕಿಟಕಿ ಹಿಡಿದು, "ಇಷ್ಟು ಹೆದರೋರ ಮನೇಲಿ ನಮ್ಮ ಹುಡುಗಿಗೆ ಏನೂ ಆಗಲ್ಲ ಬಿಡ್ರಿ ಬೀಗರೇ," ಎಂದರು. ಎಲೆ ಅಡಿಕೆಯ ಮಾತು ಅಲ್ಲೇ ಮುಗಿಯಿತು.

ಮಾರನೇ ದಿನ ಚಾಚಾ ಸುರುಳಿ ತೆಗೆದರು. ಅಪ್ಪ ಸುಲಭಕ್ಕೆ ಒಪ್ಪಲಿಲ್ಲ. ಪುಸ್ತಕದಲ್ಲಿ, "ಸುರುಳಿ ತೆಗೆದಿದೆ, ಜವಾಬ್ದಾರಿ ಮೆಕ್ಯಾನಿಕ್ಕರದು" ಎಂದು ಬರೆದು ಸಹಿ ಮಾಡಿಸಿಕೊಂಡ. ಚಾಚಾ ಉರ್ದುವಿನಲ್ಲಿ ಸಹಿ ಹಾಕಿದರು. ಸುರುಳಿ ಮತ್ತೆ ಅಟ್ಟ ಸೇರಿತು.

ಅಲ್ಲಿಂದ ಮುಂದೆ ಅಪ್ಪ ನನ್ನ ಕಾರು ಬಿಟ್ಟು ಬೇರೆ ಯಾವುದರಲ್ಲೂ ಹೋಗಲಿಲ್ಲ. ಬಾಡಿಗೆ ಗಿರಾಕಿಗಳಿದ್ದರೂ ಸೀಟು ಖಾಲಿ ಇದ್ದರೆ ಬಂದು ಕೂರುತ್ತಿದ್ದ. ರಾಂಪುರದ ಬಟ್ಟೆ ವ್ಯಾಪಾರಿಯೊಬ್ಬರು ಇವರು ಸರ್ಕಾರದವರೇನ್ರೀ ಎಂದು ನನ್ನ ಕಿವಿಯಲ್ಲಿ ಕೇಳಿದ್ದರು. ಹೌದು ಎಂದಿದ್ದೆ. ಆರು ವರ್ಷದಲ್ಲಿ ಐದು ಪುಸ್ತಕ ತುಂಬಿದವು. ಆರನೆಯದರಲ್ಲಿ ಎಂಟು ಹಾಳೆ.

ಆ ಎಂಟನೇ ಹಾಳೆಯನ್ನು ನಾನು ನೋಡಿದ್ದು ಅವನು ಹೋದ ಹದಿನೈದು ದಿನಕ್ಕೆ. ಹಿರೇಹಳ್ಳಿಯ ಸಾಲಿನಲ್ಲಿ ಗಂಟೆ ಬರೆದಿದ್ದಾನೆ, ಊರು ಬರೆದಿದ್ದಾನೆ, ಸಹಿಯನ್ನೂ ಮಾಡಿದ್ದಾನೆ. ನಡುವೆ ರೀಡಿಂಗಿನ ಮನೆ ಖಾಲಿ. ನಾನು ಹೇಳುತ್ತೇನೆ ಎಂದು ಬಿಟ್ಟಿರಬೇಕು. ಅದರ ಕೆಳಗೆ ತಳಕು, ಚಳ್ಳಕೆರೆ, ಎರಡೂ ತುಂಬಿವೆ. ಅವುಗಳನ್ನು ಕೇಳಿದಾಗ ನಾನು ಹೇಳಿದ್ದೇನೆ, ಆದರೆ ನೆನಪಿಲ್ಲ.

ಹೆಂಡತಿ ನೋಡಿ, "ಕುರಿ ಅಡ್ಡ ಬಂದು ಗಾಡಿ ನಿಂತಿತ್ತು ಅಂತೀರಲ್ಲ, ನಿಂತ ಗಾಡೀದು ಸೊನ್ನೇನೇ ಅಲ್ವಾ? ಬರೀರಿ," ಎಂದಳು. ಪೆನ್ಸಿಲ್ಲು ತೆಗೆದುಕೊಂಡೆ. ಆದರೆ ಅವನು ಕೇಳಿದ್ದು ನಿಲ್ಲುವುದಕ್ಕೆ ಮೊದಲು. ಆಗ ನಾನು ಕುರಿ ನೋಡುತ್ತಿದ್ದೆ, ಮುಳ್ಳು ನೋಡಲಿಲ್ಲ. ಸೊನ್ನೆ ಎನ್ನುವುದು ನನಗೆ ಗೊತ್ತಿರುವುದು, ಕಂಡದ್ದಲ್ಲ. ಆಮೇಲೆ ಎಷ್ಟೋ ಸಲ ಅದೇ ಹೊತ್ತಿಗೆ ಆ ಜಾಗದಲ್ಲಿ ಓಡಿಸಿ ನೋಡಿದ್ದೇನೆ. ಒಮ್ಮೆ ಕಾಲು, ಒಮ್ಮೆ ಅರ್ಧ. ಬಾಯಿಬಿಟ್ಟು ಹೇಳಿಯೂ ಇದ್ದೇನೆ, ಪಕ್ಕದ ಸೀಟಿನಲ್ಲಿ ಗಿರಾಕಿ ಇರುವಾಗಲೂ.

ಆ ದಿನದ ಹಿರೇಹಳ್ಳಿಯ ರೀಡಿಂಗ್ ಪುಸ್ತಕದಲ್ಲಿ ಇಲ್ಲ.